ಬೆಳಕು ಹಿಡಿಯುವ ಕೋಶಗಳ ಕಸಿ: ಇಲಿಗೆ ಕಣ್ಣು ಬಂತು ಅಂತಾರೆ, ಮನುಷ್ಯರಿಗೆ ಯಾವಾಗ?

ದಾವಣಗೆರೆ_ಅಕ್ಕ
ನನ್ನ ತಮ್ಮನಿಗೆ ರೆಟಿನೈಟಿಸ್ ಪಿಗ್ಮೆಂಟೋಸಾ ಇದೆ, ಆರ್‌ಪಿ ಅಂತಾರಲ್ಲ ಅದು. ಕಣ್ಣಿನ ಹಿಂದಿನ ಪದರ ಮೆಲ್ಲಗೆ ಹಾಳಾಗುತ್ತಾ ಹೋಗುವ, ವಂಶದಲ್ಲಿ ಬರುವ ಕಾಯಿಲೆ. ಚಿಕ್ಕವನಿದ್ದಾಗ ಸಂಜೆಯಾದರೆ ಎಡವುತ್ತಿದ್ದ. ಇರುಳುಗಣ್ಣು, ಕ್ಯಾರೆಟ್ಟು ಸೊಪ್ಪು ತಿಂದರೆ ಹೋಗುತ್ತೆ ಅಂತ ಮನೆಯಲ್ಲಿ ಸುಮ್ಮನಾದರು. ಈಗ ಮೂವತ್ತು ದಾಟಿದೆ. ಎದುರಿಗೆ ನಿಂತವರ ಮುಖ ಕಾಣುತ್ತದೆ, ಪಕ್ಕದಲ್ಲಿ ಬರುವ ಬೈಕು ಕಾಣುವುದಿಲ್ಲ. ನಮ್ಮ ಅಪ್ಪ ಅಮ್ಮ ಸೋದರ ಸಂಬಂಧದಲ್ಲಿ ಮದುವೆಯಾದವರು, ಅದೂ ಒಂದು ಕಾರಣ ಅಂತ ಡಾಕ್ಟರ್ ಹೇಳಿದರು.

ಈಗ ವಿಷಯ ಏನೆಂದರೆ, ಸಂಬಂಧಿಕರ ವಾಟ್ಸಾಪ್ ಗುಂಪಿನಲ್ಲಿ ಒಂದು ಸುದ್ದಿ ಓಡಾಡುತ್ತಿದೆ. ಲಂಡನ್‌ನಲ್ಲಿ ಕುರುಡು ಇಲಿಗಳಿಗೆ ಬೆಳಕು ಗುರುತಿಸುವ ಕೋಶಗಳನ್ನು ಕಸಿ ಮಾಡಿ ಕಣ್ಣು ಬರಿಸಿದ್ದಾರಂತೆ. ಅದರ ಕೆಳಗೇ ಯಾವುದೋ ಕ್ಲಿನಿಕ್ಕಿನ ನಂಬರ್. ಎರಡೂ ಕಣ್ಣಿಗೆ ಸ್ಟೆಮ್ ಸೆಲ್ ಇಂಜೆಕ್ಷನ್, ಲಕ್ಷಗಟ್ಟಲೆ ಖರ್ಚು. ಅಮ್ಮ ಒಡವೆ ಅಡ ಇಡೋಣ ಅಂತ ಕೂತಿದ್ದಾರೆ. ಇದರಲ್ಲಿ ಎಷ್ಟು ನಿಜ, ಎಷ್ಟು ಸುಳ್ಳು? ತಿಳಿದವರು ಹೇಳಿ.

ಇರುಳುಗಣ್ಣ
ಮೊದಲು ಆ ನಂಬರ್ ಅಳಿಸಿ. ಉಳಿದದ್ದು ಆಮೇಲೆ ಮಾತಾಡೋಣ.

(ನನಗೂ ಆರ್‌ಪಿ. ಇದನ್ನು ಫೋನ್ ಓದಿ ಹೇಳುತ್ತಿದೆ, ನಾನು ಕೇಳಿ ಬರೆಯುತ್ತಿದ್ದೇನೆ.)

ಕೋಶಪುರಾಣ
ಅಕ್ಕಾ, ಇಲಿ ಸುದ್ದಿ ನಿಜ. ಆದರೆ ಅದು ಹಳೆಯ ಸುದ್ದಿ, ಮತ್ತು ಅದಕ್ಕೆ ಒಂದು ದೊಡ್ಡ ತಿರುವು ಇದೆ. ಫಾರ್ವರ್ಡ್ ಮಾಡುವವರು ಆ ತಿರುವನ್ನು ಯಾವತ್ತೂ ಹೇಳುವುದಿಲ್ಲ. ನಾನು ಕೋಶ ಬೆಳೆಸುವ ಲ್ಯಾಬ್‌ನಲ್ಲಿ ಕೆಲಸ ಮಾಡುವವನು. ಕಣ್ಣು ನನ್ನ ವಿಷಯವಲ್ಲ, ಆದರೆ ಈ ಕಥೆಯನ್ನು ಬಹಳ ವರ್ಷದಿಂದ ನೋಡಿಕೊಂಡು ಬಂದಿದ್ದೇನೆ.

ಕಣ್ಣಿನ ಹಿಂಭಾಗದ ರೆಟಿನಾದಲ್ಲಿ ಎರಡು ಬಗೆಯ ಬೆಳಕು ಹಿಡಿಯುವ ಕೋಶಗಳಿವೆ. ಮಬ್ಬು ಬೆಳಕಿಗೆ ರಾಡ್, ಬಣ್ಣಕ್ಕೆ ಮತ್ತು ಅಕ್ಷರ ಓದುವುದಕ್ಕೆ ಕೋನ್. ಒಂದು ಕಣ್ಣಿನಲ್ಲಿ ರಾಡ್‌ಗಳು ಸುಮಾರು 9 ಕೋಟಿ, ಕೋನ್‌ಗಳು ಸುಮಾರು 45 ಲಕ್ಷ. ಆರ್‌ಪಿಯಲ್ಲಿ ಸಾಮಾನ್ಯವಾಗಿ ಮೊದಲು ರಾಡ್ ಸಾಯುತ್ತವೆ. ಅದಕ್ಕೇ ಇರುಳುಗಣ್ಣು, ಆಮೇಲೆ ಪಕ್ಕದ ನೋಟ ಹೋಗುವುದು. ಕೋನ್‌ಗಳು ಅವುಗಳ ಹಿಂದೆ ಸಾಯುತ್ತವೆ.

ಮುಖ್ಯವಾದ ಮಾತು ಇದು. ಈ ಕೋಶಗಳು ಸತ್ತರೂ ಅವುಗಳಿಂದ ಸುದ್ದಿ ಪಡೆದು ಮೆದುಳಿಗೆ ಕಳಿಸುವ ಒಳಪದರದ ನರಕೋಶಗಳು ಬಹಳ ಕಾಲ ಬದುಕಿರುತ್ತವೆ. ಹಾಗಾದರೆ ಹೋದ ಪದರವನ್ನಷ್ಟೇ ಹೊಸದಾಗಿ ಇಟ್ಟರೆ ಆಗುವುದಿಲ್ಲವೇ? ಇಡೀ ಆಸೆ ನಿಂತಿರುವುದು ಈ ಒಂದು ಪ್ರಶ್ನೆಯ ಮೇಲೆ.

2006ರಲ್ಲಿ ಲಂಡನ್‌ನ ಯೂನಿವರ್ಸಿಟಿ ಕಾಲೇಜಿನ ರಾಬಿನ್ ಅಲಿ, ರಾಬರ್ಟ್ ಮೆಕ್‌ಲಾರೆನ್, ರೇಚೆಲ್ ಪಿಯರ್ಸನ್ ಮತ್ತು ಅಮೆರಿಕದಲ್ಲಿದ್ದ ಆನಂದ್ ಸ್ವರೂಪ್ ಸೇರಿ 'ನೇಚರ್' ಪತ್ರಿಕೆಯಲ್ಲಿ ಒಂದು ಪ್ರಬಂಧ ಬರೆದರು. ಅಲ್ಲಿಯವರೆಗೆ ಹೆಚ್ಚಿನವರು ಎಳೆಯ ಸ್ಟೆಮ್ ಸೆಲ್‌ಗಳನ್ನು, ಅಂದರೆ ಯಾವ ಬಗೆಯ ಕೋಶ ಆಗಬೇಕು ಅಂತ ಇನ್ನೂ ತೀರ್ಮಾನವಾಗದ ಕೋಶಗಳನ್ನು ಹಾಕುತ್ತಿದ್ದರು. ಅವು ಬೆಳಕು ಹಿಡಿಯುವ ಕೋಶ ಆಗುತ್ತಿರಲಿಲ್ಲ. ಪೂರ್ತಿ ಬಲಿತ ಕೋಶ ಹಾಕಿದರೆ ಅದೂ ನಿಲ್ಲುತ್ತಿರಲಿಲ್ಲ. ಇವರು ಹುಟ್ಟಿ ಕೆಲವೇ ದಿನವಾದ ಇಲಿಮರಿಯ ಕೋಶ ತೆಗೆದರು. 'ನಾನು ರಾಡ್ ಆಗುತ್ತೇನೆ' ಅಂತ ತೀರ್ಮಾನವಾಗಿದೆ, ಆದರೆ ಇನ್ನೂ ಬಲಿತಿಲ್ಲ, ಅಂಥವು. ಅವು ಬೆಳೆದ ಇಲಿಯ ಕಣ್ಣಿನಲ್ಲಿ ನೆಲೆ ನಿಂತವು.

ಭತ್ತದಗದ್ದೆ
ಇದು ನಾಟಿ ಲೆಕ್ಕ ಕಣ್ರೀ. ಬೀಜ ಚೆಲ್ಲಿದರೆ ಒಂದು ಥರ, ಪೈರು ಬಲಿತ ಮೇಲೆ ಕಿತ್ತು ನೆಟ್ಟರೆ ತೆಂಡೆ ಒಡೆಯಲ್ಲ. ಒಟ್ಟಲು ಪೈರಿಗೆ ಹದವಾದ ವಯಸ್ಸು ಅಂತ ಇದೆ.

ಕೋಶಪುರಾಣ
@ಭತ್ತದಗದ್ದೆ ಇಷ್ಟು ಚೆನ್ನಾಗಿ ನಾನು ಹೇಳಿರಲಿಲ್ಲ.

ಮುಂದಿನದು 2012, ಅದೇ ಗುಂಪು. ಈ ಸಲ ರಾಡ್ ಇದ್ದರೂ ಕೆಲಸ ಮಾಡದ, ಹುಟ್ಟಾ ಇರುಳುಗಣ್ಣಿನ ಇಲಿಗಳನ್ನು ತೆಗೆದುಕೊಂಡರು. ಕೋಶ ಕಸಿ ಮಾಡಿ ಮಬ್ಬು ಬೆಳಕಿನಲ್ಲಿ ನೀರಿನ ತೊಟ್ಟಿಗೆ ಬಿಟ್ಟರು. ತೊಟ್ಟಿಯಲ್ಲಿ ಎರಡು ದಾರಿ. ಪಟ್ಟೆ ಗುರುತು ಇರುವ ಕಡೆ ಹೋದರೆ ನಿಲ್ಲಲು ಜಾಗ ಸಿಗುತ್ತದೆ. ಕಸಿ ಮಾಡಿಸಿಕೊಂಡ ಕೆಲವು ಇಲಿಗಳು ನೇರವಾಗಿ ಅಲ್ಲಿಗೆ ಈಜಿದವು. ಉಳಿದವು ಕುರುಡಾಗಿ ಸುತ್ತಾಡಿದವು. ಪತ್ರಿಕೆಗಳಲ್ಲಿ ಆಗ ದೊಡ್ಡ ಸುದ್ದಿ. ನಿಮ್ಮ ವಾಟ್ಸಾಪ್‌ಗೆ ಬಂದಿರುವುದು ಬಹುಶಃ ಇದೇ.

ಶಿರಸಿ_ಹುಡುಗ
ಹಾಗಾದ್ರೆ ಇಷ್ಟು ವರ್ಷ ಏನು ಮಾಡ್ತಿದ್ರು ಸ್ವಾಮಿ? 2012ರಲ್ಲಿ ಇಲಿ ನೋಡ್ತು ಅಂದ್ರೆ ಈಗ ಮನುಷ್ಯರಿಗೆ ಬಂದಿರಬೇಕಿತ್ತು. ಔಷಧಿ ಕಂಪನಿಗಳ ಲಾಬಿ ಇರಬೇಕು.

ಕೋಶಪುರಾಣ
ಲಾಬಿ ಅಲ್ಲ. 2016ರಲ್ಲಿ ಬಂದ ತಿರುವು ಇದಕ್ಕೆ ಕಾರಣ, ಅದನ್ನು ಸ್ವಲ್ಪ ಬಿಡಿಸಿ ಹೇಳುತ್ತೇನೆ.

ಕಸಿ ಮಾಡಿದ ಕೋಶ ಯಾವುದು, ಇಲಿಯದೇ ಕೋಶ ಯಾವುದು ಅಂತ ಗೊತ್ತಾಗಲು ದಾನಿಯ ಕೋಶಗಳಿಗೆ ಹಸಿರಾಗಿ ಹೊಳೆಯುವ ಒಂದು ಪ್ರೋಟೀನ್ ಇರುವಂತೆ ಮಾಡಿರುತ್ತಾರೆ. ಕಸಿಯಾದ ಮೇಲೆ ರೆಟಿನಾದ ಸರಿಯಾದ ಪದರದಲ್ಲಿ ಹಸಿರು ಕೋಶಗಳು ಕಂಡರೆ 'ನಮ್ಮವು ಹೋಗಿ ಸೇರಿಕೊಂಡವು' ಅಂತ ಅರ್ಥ. ಹತ್ತು ವರ್ಷ ಎಲ್ಲರೂ ಹಾಗೇ ಓದಿದರು.

ಆಮೇಲೆ ಕೆಲವರಿಗೆ ಅನುಮಾನ ಬಂತು. ಗಂಡು ಇಲಿಯ ಕೋಶಗಳನ್ನು ಹೆಣ್ಣು ಇಲಿಗೆ ಹಾಕಿ ನೋಡಿದರು. ಹಸಿರು ಕೋಶ ನಿಜವಾಗಿ ದಾನಿಯದ್ದಾದರೆ ಅದರೊಳಗೆ ಗಂಡಿನಲ್ಲಿ ಮಾತ್ರ ಇರುವ ವೈ ಕ್ರೋಮೋಸೋಮ್ ಇರಬೇಕು ತಾನೇ? ಬಹುಪಾಲು ಹಸಿರು ಕೋಶಗಳಲ್ಲಿ ಅದು ಇರಲೇ ಇಲ್ಲ! ಅವು ಆ ಇಲಿಯದೇ ಹಳೆಯ ಕೋಶಗಳು. ದಾನಿ ಕೋಶಗಳು ಪಕ್ಕದಲ್ಲೇ ಕೂತು ತಮ್ಮ ಪ್ರೋಟೀನ್, ಆರ್‌ಎನ್‌ಎ ಇತ್ಯಾದಿಗಳನ್ನು ಅವುಗಳಿಗೆ ದಾಟಿಸಿದ್ದವು. ಹಸಿರು ಬಣ್ಣವೂ ಹಾಗೇ ದಾಟಿತ್ತು.

ಈಗ 2012ರ ಇಲಿ ನೆನಪಿಸಿಕೊಳ್ಳಿ. ಅದಕ್ಕೆ ರಾಡ್‌ಗಳು ಇದ್ದವು, ಒಂದು ಪ್ರೋಟೀನ್ ಮಾತ್ರ ಇರಲಿಲ್ಲ. ದಾನಿ ಕೋಶ ಆ ಪ್ರೋಟೀನ್ ಕೊಟ್ಟಿತು, ಹಳೆಯ ರಾಡ್ ಎದ್ದು ಕೂತಿತು. ಇಲಿ ನೋಡಿದ್ದು ನಿಜ. ಆದರೆ ಅದು ಬಹುಮಟ್ಟಿಗೆ ತನ್ನದೇ ಕೋಶಗಳಿಂದ ನೋಡಿತು.

ಶಿರಸಿ_ಹುಡುಗ
ಅಂದ್ರೆ ಮೋಸ ಮಾಡಿದ್ರು ಅಂತಾಯ್ತಲ್ಲ.

ಕೋಶಪುರಾಣ
ಮೋಸ ಮಾಡುವವರು ತಾವೇ ಹೋಗಿ ಪರೀಕ್ಷೆ ಮಾಡಿ ಬರೆಯುವುದಿಲ್ಲ. 2016ರಲ್ಲಿ ಇದನ್ನು ಬಯಲು ಮಾಡಿದವರಲ್ಲಿ ಅದೇ ಪಿಯರ್ಸನ್, ಅದೇ ಅಲಿ ಇದ್ದಾರೆ. ಜರ್ಮನಿಯ ಡ್ರೆಸ್ಡೆನ್‌ನ ಮಾರಿಯಸ್ ಆಡರ್ ಅವರ ಗುಂಪೂ ಅದೇ ವರ್ಷ ಇದೇ ಮಾತು ಹೇಳಿತು. ತಮ್ಮ ಹೆಸರು ತಂದುಕೊಟ್ಟ ಕೆಲಸವನ್ನು ತಾವೇ ಬಿಚ್ಚಿ ನೋಡುವುದು ಸಣ್ಣ ವಿಷಯ ಅಲ್ಲ. ನನಗಂತೂ 2012ರ ಪ್ರಬಂಧಕ್ಕಿಂತ 2016ರದ್ದೇ ದೊಡ್ಡದು ಅನ್ನಿಸುತ್ತದೆ.

ದಾವಣಗೆರೆ_ಅಕ್ಕ
ಅರ್ಥ ಆಯ್ತು. ಅಂದರೆ ಕೋಶ ಇನ್ನೂ ಉಳಿದಿರುವವರಿಗೆ ಇದು ಬೇರೆ, ಪೂರ್ತಿ ಹೋದವರಿಗೆ ಬೇರೆ. ನನ್ನ ತಮ್ಮನಿಗೆ ರಾಡ್ ಬಹುಶಃ ಹೋಗಿಯೇ ಬಿಟ್ಟಿವೆ.

ಕೋಶಪುರಾಣ
ಸರಿಯಾಗಿ ಹಿಡಿದಿರಿ. ಉಳಿದಿರುವ ಕೋಶಕ್ಕೆ ಪ್ರೋಟೀನ್ ದಾಟಿಸುವುದೂ ಒಂದು ಚಿಕಿತ್ಸೆ ಆಗಬಹುದು, ಅದನ್ನು ಹಿಡಿದುಕೊಂಡು ಕೆಲಸ ಮಾಡುವವರೂ ಇದ್ದಾರೆ. ಪದರವೇ ಖಾಲಿಯಾಗಿದ್ದರೆ ಪಡೆದುಕೊಳ್ಳಲು ಅಲ್ಲಿ ಯಾರೂ ಇಲ್ಲ. ಆಗ ಹೊಸ ಕೋಶವೇ ನಿಂತು, ಬಲಿತು, ಒಳಪದರದ ನರಕೋಶದ ಜೊತೆ ಸಂಬಂಧ ಬೆಳೆಸಬೇಕು. ಆ ಬೆಸುಗೆಯೇ ಕಷ್ಟ. ಕೋಶ ಬದುಕಿಸುವುದು ಈಗ ಗೊತ್ತಿದೆ, ಮಾತಾಡಿಸುವುದು ಗೊತ್ತಾಗುತ್ತಿದೆ.

2016ರ ನಂತರ ಆಟ ಅಲ್ಲಿಗೆ ಮುಗಿಯಲಿಲ್ಲ. 2021ರಲ್ಲಿ ಅಲಿ ಅವರ ಗುಂಪೇ ಮನುಷ್ಯನ ಸ್ಟೆಮ್ ಸೆಲ್‌ನಿಂದ ಬೆಳೆಸಿದ ಕೋನ್‌ಗಳನ್ನು, ತನ್ನ ಬೆಳಕಿನ ಕೋಶಗಳನ್ನು ಬಹುಪಾಲು ಕಳೆದುಕೊಂಡ ಇಲಿಯ ಕಣ್ಣಿಗೆ ಹಾಕಿ ಬೆಳಕಿಗೆ ಪ್ರತಿಕ್ರಿಯೆ ಬರಿಸಿತು. 2023ರಲ್ಲಿ ಅಮೆರಿಕದ ವಿಸ್ಕಾನ್ಸಿನ್‌ನ ಡೇವಿಡ್ ಗಾಮ್ ಅವರ ಲ್ಯಾಬ್, ತಟ್ಟೆಯಲ್ಲಿ ಬೆಳೆಸಿದ ರೆಟಿನಾ ಕೋಶಗಳನ್ನು ಬಿಡಿಬಿಡಿ ಮಾಡಿದರೂ ಅವು ಮತ್ತೆ ಒಂದಕ್ಕೊಂದು ಸಂಬಂಧ ಬೆಳೆಸುತ್ತವೆ ಅಂತ ತೋರಿಸಿತು. ರೇಬಿಸ್ ವೈರಸ್‌ನ ಮಾರ್ಪಡಿಸಿದ ರೂಪ ಬಳಸಿದರು. ಆ ವೈರಸ್ ಒಂದು ನರಕೋಶದಿಂದ ಅದಕ್ಕೆ ಬೆಸೆದ ಇನ್ನೊಂದಕ್ಕೆ ಮಾತ್ರ ದಾಟುತ್ತದೆ. ದಾಟಿತು ಅಂದರೆ ಬೆಸುಗೆ ಇದೆ ಅಂತ ಲೆಕ್ಕ.

ಅಪ್ಪುಅಭಿಮಾನಿ_ಹೊಸಪೇಟೆ
ನನ್ನ ಪ್ರಶ್ನೆ ಪೆದ್ದುಪ್ರಶ್ನೆ ಅನ್ನಿಸಬಹುದು. 2021ರಲ್ಲಿ ಪುನೀತ್ ತೀರಿಕೊಂಡಾಗ ಅವರ ಕಣ್ಣಿನಿಂದ ನಾಲ್ಕು ಜನಕ್ಕೆ ದೃಷ್ಟಿ ಬಂತು. ಆಮೇಲೆ ನಮ್ಮೂರಲ್ಲೆಲ್ಲ ಜನ ಸಾಲು ನಿಂತು ನೇತ್ರದಾನಕ್ಕೆ ಹೆಸರು ಬರೆಸಿದರು, ನಾನೂ ಬರೆಸಿದೆ. ಅಷ್ಟು ಕಣ್ಣು ಸಿಗುತ್ತಿರುವಾಗ ಈ ಇಲಿಮರಿ, ಸ್ಟೆಮ್ ಸೆಲ್ ಎಲ್ಲ ಯಾಕೆ?

ಕಣ್ಣುಡಾಕ್ಟ್ರು
ಪೆದ್ದುಪ್ರಶ್ನೆ ಏನಲ್ಲ. ಓಪಿಡಿಯಲ್ಲಿ ಇದನ್ನು ಕೇಳದ ದಿನ ಇಲ್ಲ. ನೇತ್ರದಾನದಲ್ಲಿ ಬಳಸುವುದು ಕಾರ್ನಿಯಾ, ಅಂದರೆ ಕಣ್ಣಿನ ಮುಂದಿನ ಪಾರದರ್ಶಕ ಪದರ. ಅದರಲ್ಲಿ ರಕ್ತನಾಳ ಇಲ್ಲ, ಮೆದುಳಿನ ಜೊತೆ ಬೆಸೆಯಬೇಕಾದ ಕೆಲಸವೂ ಇಲ್ಲ. ಪುನೀತ್ ಅವರ ಎರಡು ಕಾರ್ನಿಯಾಗಳನ್ನು ಬೆಂಗಳೂರಿನ ನಾರಾಯಣ ನೇತ್ರಾಲಯದಲ್ಲಿ ಮುಂದಿನ ಪದರ, ಹಿಂದಿನ ಪದರ ಅಂತ ಸೀಳಿ ನಾಲ್ಕು ಜನಕ್ಕೆ ಹಾಕಿದರು. ಆರ್‌ಪಿ ಇರುವವರ ಕಾರ್ನಿಯಾ ಸರಿಯಾಗೇ ಇರುತ್ತದೆ. ತೊಂದರೆ ಇರುವುದು ಹಿಂದೆ, ರೆಟಿನಾದಲ್ಲಿ.

ಸತ್ತವರ ರೆಟಿನಾದಿಂದ ಬೆಳಕಿನ ಕೋಶ ತೆಗೆದು ಹಾಕಿ ನೋಡಿದ್ದೂ ಉಂಟು. 1997ರಲ್ಲಿ ಅಮೆರಿಕದಲ್ಲಿ ಇಬ್ಬರು ಆರ್‌ಪಿ ರೋಗಿಗಳಿಗೆ ಹಾಕಿದರು. ತೊಂದರೆ ಆಗಲಿಲ್ಲ, ನೋಟವೂ ಬರಲಿಲ್ಲ. ಬಲಿತ ಪೈರಿನ ಕಥೆಯೇ.

2023ರಲ್ಲಿ ನ್ಯೂಯಾರ್ಕ್‌ನಲ್ಲಿ ಇಡೀ ಕಣ್ಣನ್ನೇ ಒಬ್ಬರಿಗೆ ಕಸಿ ಮಾಡಿದರು, ಮುಖದ ಒಂದು ಭಾಗದ ಜೊತೆ. ಆ ಕಣ್ಣು ಬದುಕಿದೆ, ರಕ್ತ ಓಡುತ್ತಿದೆ. ಬೆಳಕು ಬಿಟ್ಟರೆ ರೆಟಿನಾದಿಂದ ವಿದ್ಯುತ್ ಸಂಕೇತವೂ ಸ್ವಲ್ಪ ಬಂತು. ಆದರೆ ಆ ಕಣ್ಣಿಗೆ ಏನೂ ಕಾಣುವುದಿಲ್ಲ. ಅಲ್ಲಿ ಕಡಿದಿರುವುದು ಕಣ್ಣಿನ ನರ, ಹತ್ತು ಲಕ್ಷಕ್ಕೂ ಹೆಚ್ಚು ಎಳೆಗಳು. ಅದನ್ನು ಜೋಡಿಸುವ ದಾರಿ ಇನ್ನೂ ಸಿಕ್ಕಿಲ್ಲ. ಅದಕ್ಕೆ ಹೋಲಿಸಿದರೆ ಆರ್‌ಪಿಯಲ್ಲಿ ಹೊಸ ಕೋಶಕ್ಕೂ ಒಳಪದರಕ್ಕೂ ನಡುವಿನ ಒಂದು ಹಂತದ ಬೆಸುಗೆ ಸಾಕು, ನರ ಹಾಗೇ ಇದೆ.

ಹೆಸರು ಬರೆಸಿದ್ದು ವ್ಯರ್ಥ ಅಂದುಕೊಳ್ಳಬೇಡಿ. ಕಾರ್ನಿಯಾಗೆ ಕಾಯುತ್ತಿರುವವರು ಬೇಕಾದಷ್ಟು ಜನ ಇದ್ದಾರೆ.

ನಂಜನಗೂಡು_ರಿಟೈರ್ಡ್
ಗ್ಲಾಕೋಮಾದಿಂದ ನನ್ನ ಬಲಗಣ್ಣು ಹೋಗಿದೆ. ಈ ಕಸಿ ನನಗೂ ಆಗುತ್ತದೆಯೇ?

ಕಣ್ಣುಡಾಕ್ಟ್ರು
ಇಲ್ಲ ಸರ್. ಗ್ಲಾಕೋಮಾದಲ್ಲಿ ಬೆಳಕಿನ ಕೋಶ ಸರಿಯಿರುತ್ತದೆ, ನರ ಸಾಯುತ್ತದೆ. ತದ್ವಿರುದ್ಧ ಕಾಯಿಲೆ. ಎಡಗಣ್ಣಿನ ಹನಿ ಮಾತ್ರ ತಪ್ಪಿಸಬೇಡಿ.

ಕೆಂಗೇರಿ_ಪದ್ಮ
ನಮ್ಮ ಬೆಂಗಳೂರಿನ ಕಂಪನಿಯೊಂದು ಇದನ್ನೇ ಮಾಡುತ್ತಿದೆ ಅಂತ ಓದಿದ್ದೆ. ಐಸ್ಟೆಮ್ ಅಂತ ಇರಬೇಕು. ಅಲ್ಲಿಗೇ ಹೋಗಬಹುದಲ್ವಾ?

ಕೋಶಪುರಾಣ
ಹೆಸರು ಸರಿ, ಆದರೆ ಅವರು ಈಗ ಮನುಷ್ಯರಲ್ಲಿ ಪರೀಕ್ಷೆ ಮಾಡುತ್ತಿರುವುದು ಬೇರೆ ಕೋಶ. ಆರ್‌ಪಿಇ ಅಂತ ಒಂದು ಪದರ ಇದೆ. ಬೆಳಕಿನ ಕೋಶಗಳ ಬೆನ್ನಿಗೆ ಅಂಟಿಕೊಂಡು ಅವುಗಳ ಊಟ, ಕಸ ಎರಡನ್ನೂ ನೋಡಿಕೊಳ್ಳುವ ಪದರ. ಮಕ್ಯುಲಾ ಅಂದರೆ ರೆಟಿನಾದ ನಡುಭಾಗ. ವಯಸ್ಸಾದವರ ಒಣ ಮಕ್ಯುಲಾ ಸವೆತದಲ್ಲಿ ಅದು ಮೊದಲು ಹಾಳಾಗುತ್ತದೆ. ಐಸ್ಟೆಮ್‌ನ ಟ್ರಯಲ್ ಆ ಕಾಯಿಲೆಗೆ. ಆರ್‌ಪಿಇ ಕೋಶ ಯಾರಿಗೂ ಬೆಸೆಯಬೇಕಿಲ್ಲ, ಸಂಕೇತ ಕಳಿಸಬೇಕಿಲ್ಲ. ಅದಕ್ಕೇ ಆ ದಾರಿ ಮುಂದೆ ಓಡಿದೆ. ಬೆಳಕಿನ ಕೋಶಗಳ ಕೆಲಸವನ್ನೂ ಮಾಡುವ ಯೋಜನೆ ಅವರಿಗೆ ಇದೆ. ಆದರೆ 'ಬೆಂಗಳೂರಲ್ಲಿ ಆರ್‌ಪಿಗೆ ಸ್ಟೆಮ್ ಸೆಲ್ ಸಿಗುತ್ತೆ' ಅಂತ ಅದನ್ನು ಓದಿಕೊಳ್ಳಬಾರದು.

ಹೆಸರು ಬೇರೆ ಗೊಂದಲ ಮಾಡುತ್ತದೆ. ಆರ್‌ಪಿ ಕಾಯಿಲೆ, ಆರ್‌ಪಿಇ ಪದರ!

ಕಣ್ಣುಡಾಕ್ಟ್ರು
ಭಾರತದ ಮಾತು ಬಂದಿದ್ದಕ್ಕೆ ಹೇಳುತ್ತೇನೆ. ಈ ಕಥೆಯಲ್ಲಿ ನಾವು ತಡವಾಗಿ ಬಂದವರಲ್ಲ. ಹೈದರಾಬಾದ್‌ನ ಎಲ್.ವಿ. ಪ್ರಸಾದ್ ನೇತ್ರ ಸಂಸ್ಥೆಯಲ್ಲಿ ತಾರಾಪ್ರಸಾದ್ ದಾಸ್ ಅವರ ತಂಡ, ಅಮೆರಿಕದ ಮ್ಯಾನುಯೆಲ್ ಡೆಲ್ ಸೆರೊ ಜೊತೆ ಸೇರಿ, ಮುಂದುವರಿದ ಆರ್‌ಪಿ ಇದ್ದ 14 ಜನಕ್ಕೆ ಭ್ರೂಣದ ರೆಟಿನಾ ಕೋಶಗಳನ್ನು ಹಾಕಿತ್ತು. ವರದಿ ಬಂದಿದ್ದು 1999ರಲ್ಲಿ. ಉದ್ದೇಶ ಸುರಕ್ಷತೆ ನೋಡುವುದು. ಲಂಡನ್ ಇಲಿಗಿಂತ ಮೊದಲಿನ ಮಾತು ಇದು.

ಭ್ರೂಣದ ಕೋಶ ಬಳಸುವುದರಲ್ಲಿ ನೀತಿಯ ಪ್ರಶ್ನೆ ಇದೆ, ಸಿಗುವುದೂ ಕಷ್ಟ. ಆ ಗಂಟು ಬಿಚ್ಚಿದ್ದು ಜಪಾನಿನ ವಿಜ್ಞಾನಿ ಯಮನಾಕಾ. ದೊಡ್ಡವರ ಚರ್ಮದ ಕೋಶವನ್ನೇ ಹಿಂದಕ್ಕೆ ತಿರುಗಿಸಿ ಸ್ಟೆಮ್ ಸೆಲ್ ಮಾಡುವ ದಾರಿ, ಇಲಿಯಲ್ಲಿ 2006, ಮನುಷ್ಯರಲ್ಲಿ 2007. ಐಪಿಎಸ್ ಕೋಶ ಅನ್ನುವುದು ಇದನ್ನೇ. ಜೊತೆಗೆ ಯೋಶಿಕಿ ಸಸಾಯ್ ಅವರ ಲ್ಯಾಬ್ 2011ರಲ್ಲಿ ಇಲಿಯ ಸ್ಟೆಮ್ ಸೆಲ್‌ಗಳು ತಟ್ಟೆಯಲ್ಲಿ ತಾವಾಗಿಯೇ ಕಣ್ಣಿನ ಬಟ್ಟಲಿನ ಆಕಾರಕ್ಕೆ ಮಡಚಿಕೊಳ್ಳುವುದನ್ನು ತೋರಿಸಿತು, ಮರುವರ್ಷ ಮನುಷ್ಯನ ಕೋಶದಲ್ಲೂ. ಇವೆರಡು ಸೇರಿದ ಮೇಲೆ ಹದವಾದ ವಯಸ್ಸಿನ ಕೋಶ ಬೇಕಾದಷ್ಟು ಬೆಳೆಸಬಹುದು ಅನ್ನುವ ಧೈರ್ಯ ಬಂತು.

ಒಸಾಕಾವಾಸಿ
ಇಲ್ಲಿ ಪಕ್ಕದ ಕೋಬೆಯಲ್ಲೇ ಮನುಷ್ಯರಿಗೆ ಮಾಡಿದ್ದಾರೆ, ಯಾರೂ ಹೇಳಲಿಲ್ಲವಲ್ಲ.

ಕೋಶಪುರಾಣ
ಹೇಳಲು ಹೊರಟಿದ್ದೆ. 2020ರ ಅಕ್ಟೋಬರ್‌ನಲ್ಲಿ ಕೋಬೆ ಕಣ್ಣಿನ ಆಸ್ಪತ್ರೆಯಲ್ಲಿ ಅರವತ್ತರ ಹರೆಯದ ಒಬ್ಬ ಆರ್‌ಪಿ ರೋಗಿಗೆ ಐಪಿಎಸ್ ಕೋಶದಿಂದ ಬೆಳೆಸಿದ ರೆಟಿನಾ ಹಾಳೆ ಇಟ್ಟರು. ಹಾಳೆಯ ಅಗಲ ಸುಮಾರು 1 ಮಿಲಿಮೀಟರ್, ಅಷ್ಟೇ. ಆಮೇಲೆ ಇನ್ನೊಬ್ಬರಿಗೆ. ಅಲ್ಲಿನ ಕಣ್ಣಿನ ವೈದ್ಯೆ ಮಸಾಯೊ ತಕಾಹಾಶಿ ಮೊದಲಿನಿಂದ ಕಟ್ಟಿದ ಕೆಲಸ ಅದು. ಇಬ್ಬರ ಎರಡು ವರ್ಷದ ಫಲಿತಾಂಶ 2023ರ ಕೊನೆಗೆ ಬಂತು. ಹಾಳೆ ಬದುಕಿದೆ, ಗೆಡ್ಡೆ ಗಿಡ್ಡೆ ಆಗಿಲ್ಲ. 'ಕಣ್ಣು ಬಂತು' ಅನ್ನುವಂಥದ್ದು ಏನೂ ಆಗಿಲ್ಲ. ಅವರು ಅದನ್ನು ನಿರೀಕ್ಷೆಯೂ ಮಾಡಿರಲಿಲ್ಲ. ಬೇರೆಯವರ ಕೋಶ ಆದ್ದರಿಂದ ದೇಹ ತಿರಸ್ಕರಿಸದಂತೆ ರೋಗನಿರೋಧಕ ಶಕ್ತಿ ತಗ್ಗಿಸುವ ಔಷಧಿಯೂ ಬೇಕು.

ರೋಗಿಯದೇ ಕೋಶದಿಂದ ಮಾಡಬಹುದಲ್ಲ ಅಂತ ಕೇಳುತ್ತೀರಿ. 2014ರಲ್ಲಿ ಅದೇ ಕೋಬೆಯಲ್ಲಿ ಆರ್‌ಪಿಇ ಪದರಕ್ಕೆ ಹಾಗೆ ಮಾಡಿದರು. ಎರಡನೇ ರೋಗಿಯ ಕೋಶಗಳಲ್ಲಿ ಜೀನ್ ಬದಲಾವಣೆಗಳು ಕಂಡು ನಿಲ್ಲಿಸಬೇಕಾಯಿತು. ಆರ್‌ಪಿಯಲ್ಲಿ ಇನ್ನೊಂದು ತೊಡಕು: ನಿಮ್ಮದೇ ಕೋಶದಲ್ಲಿ ನಿಮ್ಮ ಕೆಟ್ಟ ಜೀನ್ ಕೂಡ ಇರುತ್ತದೆ, ಅದನ್ನೂ ತಿದ್ದಬೇಕು.

ಇತ್ತೀಚಿನದು ಅಮೆರಿಕದ ಬ್ಲೂರಾಕ್ ಕಂಪನಿಯದು, ಔಷಧಿ ಕಂಪನಿ ಬೇಯರ್‌ಗೆ ಸೇರಿದ್ದು. ಗಾಮ್ ಅವರ ಲ್ಯಾಬ್‌ನ ಮೂಲದ ಐಪಿಎಸ್ ಬೆಳಕಿನ ಕೋಶಗಳು, ಹೆಸರು ಓಪಿಸಿಟಿ-001. 2024ರಲ್ಲಿ ಮನುಷ್ಯರ ಪರೀಕ್ಷೆಗೆ ಅಲ್ಲಿನ ಔಷಧ ಇಲಾಖೆ ಒಪ್ಪಿತು, 2025ರಲ್ಲಿ ಮೊದಲ ರೋಗಿಗೆ ಕೊಟ್ಟರು. ಇದು ಮೊದಲ ಹಂತ. ಅಂದರೆ ಮುಖ್ಯ ಪ್ರಶ್ನೆ 'ಅಪಾಯ ಇದೆಯೇ', 'ಕಾಣುತ್ತದೆಯೇ' ಅಲ್ಲ.

ಇರುಳುಗಣ್ಣ
ಅಕ್ಕಾ, ಈಗ ಒಡವೆ ವಿಷಯಕ್ಕೆ ಬರೋಣ.

ಫ್ಲಾರಿಡಾದಲ್ಲಿ ಮೂವರು ವಯಸ್ಸಾದ ಹೆಂಗಸರು ಇಂಥದೇ ಒಂದು ಕ್ಲಿನಿಕ್ಕಿಗೆ ಹೋದರು. ಹೊಟ್ಟೆಯ ಕೊಬ್ಬು ತೆಗೆದು, ಅದರಿಂದ 'ಸ್ಟೆಮ್ ಸೆಲ್' ಮಾಡಿ, ಒಂದೇ ದಿನ ಎರಡೂ ಕಣ್ಣಿಗೆ ಚುಚ್ಚಿದರು. ತಲಾ 5,000 ಡಾಲರ್. ರೆಟಿನಾ ಕಳಚುವುದು, ರಕ್ತಸ್ರಾವ ಇಂಥ ತೊಂದರೆಗಳಾಗಿ ಮೂವರಿಗೂ ಇದ್ದ ನೋಟವೂ ಬಹುಮಟ್ಟಿಗೆ ಹೋಯಿತು. 2017ರಲ್ಲಿ ದೊಡ್ಡ ವೈದ್ಯಕೀಯ ಪತ್ರಿಕೆಯಲ್ಲಿ ಬಂತು. ಆ ಕ್ಲಿನಿಕ್ಕಿನ ಹೆಸರು ಸರ್ಕಾರಿ ಟ್ರಯಲ್ ಪಟ್ಟಿಯಲ್ಲೂ ಇತ್ತು. ಅದನ್ನು ನೋಡಿಯೇ ನಂಬಿದವರಿದ್ದರು.

ನನಗೂ ಒಬ್ಬ ಏಜೆಂಟ್ ಫೋನ್ ಮಾಡಿದ್ದ. ಯಾವ ಕೋಶ, ಎಲ್ಲಿಂದ, ಯಾವ ಪದರಕ್ಕೆ ಅಂತ ಕೇಳಿದೆ. 'ಸರ್, ಸ್ಟೆಮ್ ಸೆಲ್ ತಾನಾಗಿಯೇ ಜಾಗ ಹುಡುಕಿಕೊಳ್ಳುತ್ತೆ' ಅಂದ. ಲಂಡನ್‌ನವರಿಗೆ ಇಷ್ಟು ಸುಲಭದ ವಿಷಯ ಗೊತ್ತಾಗಲಿಲ್ಲ ಪಾಪ.

ಕಣ್ಣುಡಾಕ್ಟ್ರು
ಅಮ್ಮನಿಗೆ ಹೀಗೆ ಹೇಳಿ. ನಮ್ಮ ದೇಶದಲ್ಲಿ ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ (ಐಸಿಎಂಆರ್) 2017ರ ಮಾರ್ಗಸೂಚಿ ಪ್ರಕಾರ ಕೆಲವು ರಕ್ತದ ಕಾಯಿಲೆಗಳಂಥವನ್ನು ಬಿಟ್ಟರೆ ಸ್ಟೆಮ್ ಸೆಲ್ ಅನ್ನು ಅನುಮತಿ ಪಡೆದ ಟ್ರಯಲ್ ಹೊರಗೆ ಚಿಕಿತ್ಸೆ ಅಂತ ಮಾರುವಂತಿಲ್ಲ. ಆರ್‌ಪಿ ಆ ಪಟ್ಟಿಯಲ್ಲಿಲ್ಲ. ನಿಜವಾದ ಟ್ರಯಲ್ ಆದರೆ ಪರೀಕ್ಷೆ ಮಾಡುತ್ತಿರುವ ಕೋಶಕ್ಕೆ ರೋಗಿಯಿಂದ ದುಡ್ಡು ಕೇಳುವುದಿಲ್ಲ. ಮೊದಲ ಸಲವೇ ಎರಡೂ ಕಣ್ಣಿಗೆ ಒಟ್ಟಿಗೆ ಹಾಕುವುದೂ ಇಲ್ಲ. ದುಡ್ಡು ಕೇಳಿದರು, ಎರಡೂ ಕಣ್ಣು ಅಂದರು ಅಂದರೆ ಎದ್ದು ಬನ್ನಿ.

ಈಗಲೇ ಮಾಡಬಹುದಾದದ್ದು ಇದೆ. ಆರ್‌ಪಿ ಇರುವವರಿಗೆ ಪೊರೆ ಬೇಗ ಬರುತ್ತದೆ, ಕೆಲವರಿಗೆ ಮಕ್ಯುಲಾದಲ್ಲಿ ನೀರು ತುಂಬುತ್ತದೆ. ಎರಡಕ್ಕೂ ಇವತ್ತು ಚಿಕಿತ್ಸೆ ಇದೆ. ಆರ್‌ಪಿಗೆ ಏನೂ ಇಲ್ಲ ಅಂತ ಕಣ್ಣಿನ ಡಾಕ್ಟರ ಹತ್ತಿರ ಹೋಗುವುದನ್ನೇ ಬಿಟ್ಟವರನ್ನು ನೋಡಿದ್ದೇನೆ, ಬೇಜಾರಾಗುತ್ತದೆ. ವರ್ಷಕ್ಕೊಮ್ಮೆ ರೆಟಿನಾದ ಪದರಗಳನ್ನು ತೋರಿಸುವ ಓಸಿಟಿ ಸ್ಕ್ಯಾನ್ ಮಾಡಿಸಿ.

ಜೀನ್ ಪರೀಕ್ಷೆಯನ್ನೂ ಮಾಡಿಸಿ. ಆರ್‌ಪಿಗೆ ಕಾರಣವಾಗುವ ಜೀನ್‌ಗಳು 80ಕ್ಕೂ ಹೆಚ್ಚು ಇವೆ. ಆರ್‌ಪಿಇ65 ಅನ್ನುವ ಒಂದು ಜೀನ್‌ಗೆ ಮಾತ್ರ ಅಮೆರಿಕದಲ್ಲಿ 2017ರಿಂದ ಜೀನ್ ಚಿಕಿತ್ಸೆ ಇದೆ. ಎರಡೂ ಕಣ್ಣಿಗೆ 8.5 ಲಕ್ಷ ಡಾಲರ್ ಬೆಲೆ ಇಟ್ಟಿದ್ದರು. ಯಾವ ಜೀನ್ ಅಂತ ಗೊತ್ತಿದ್ದರೆ ಮುಂದೆ ಯಾವ ಟ್ರಯಲ್ ಬಂದರೂ ನಿಮ್ಮ ತಮ್ಮನಿಗೆ ಹೊಂದುತ್ತದೆಯೋ ಇಲ್ಲವೋ ಹೇಳಬಹುದು. ಮನೆಯಲ್ಲಿ ಮುಂದಿನ ಮದುವೆಗಳ ಮಾತು ಬಂದಾಗಲೂ ಅದು ಬೇಕು. ಕೋಶ ಕಸಿಯ ಒಂದು ಅನುಕೂಲ ಅಂದರೆ ಅದಕ್ಕೆ ಯಾವ ಜೀನ್ ಅನ್ನುವುದು ಅಷ್ಟಾಗಿ ಮುಖ್ಯ ಅಲ್ಲ.

ಶಿರಸಿ_ಹುಡುಗ
ಒಂದು ಕೊನೆಯ ಪ್ರಶ್ನೆ. ಇಷ್ಟೆಲ್ಲ ಕಷ್ಟದ ಕಸಿ ಯಾಕೆ? ಎಲೆಕ್ಟ್ರಾನಿಕ್ ಕಣ್ಣು ಬರುತ್ತಲ್ಲ.

ಇರುಳುಗಣ್ಣ
ಬರುತ್ತೆ, ಹೋಗುತ್ತೆ. ಆರ್ಗಸ್ ಅಂತ ಒಂದು ಇಂಪ್ಲಾಂಟ್ ಇತ್ತು. ಕಂಪನಿ 2019ರಲ್ಲಿ ಅದನ್ನು ನಿಲ್ಲಿಸಿತು. ಕಣ್ಣೊಳಗೆ ಹಾಕಿಸಿಕೊಂಡವರು ರಿಪೇರಿಗೆ ಯಾರನ್ನು ಕೇಳಬೇಕು ಗೊತ್ತಾಗದೆ ಉಳಿದರು. 2021ರಲ್ಲಿ ಇನ್ನೊಂದು ದಾರಿ ಬಂತು. ಉಳಿದ ನರಕೋಶಕ್ಕೇ ಬೆಳಕು ಹಿಡಿಯುವ ಪ್ರೋಟೀನ್ ಕೊಟ್ಟು, ವಿಶೇಷ ಕನ್ನಡಕ ಹಾಕಿಸಿದರು. 58 ವರ್ಷದ ಒಬ್ಬ ಆರ್‌ಪಿ ರೋಗಿಗೆ ಮೇಜಿನ ಮೇಲಿನ ನೋಟ್‌ಬುಕ್ ಎಲ್ಲಿದೆ ಅಂತ ಗುರುತಿಸಲು ಆಯಿತು. ಕಾಣುವವರಿಗೆ ಇಷ್ಟೇನಾ ಅನ್ನಿಸುತ್ತೆ. ನನಗೆ ಬಾಗಿಲು ತೆರೆದಿದೆಯೋ ಮುಚ್ಚಿದೆಯೋ ಗೊತ್ತಾದರೆ ಹಣೆಗೆ ಗಾಯ ಕಡಿಮೆ.

ದಾವಣಗೆರೆ_ಅಕ್ಕ
ಎಲ್ಲರಿಗೂ ತುಂಬಾ ಥ್ಯಾಂಕ್ಸ್. ಅಮ್ಮನಿಗೆ ಫ್ಲಾರಿಡಾ ಕಥೆ ಓದಿ ಹೇಳಿದೆ, ಸುಮ್ಮನಾಗಿದ್ದಾರೆ. ಆದರೆ ತಮ್ಮ ಕೇಳುತ್ತಿದ್ದಾನೆ: ಈ ಇಂಜೆಕ್ಷನ್ ಒಂದು ಕಣ್ಣಿಗಷ್ಟೇ ಹಾಕಿಸಿಕೊಂಡರೆ? ಹೇಗೂ ಎಡಗಣ್ಣು ಹೆಚ್ಚು ಕೆಟ್ಟಿದೆ, ಕಳೆದುಕೊಳ್ಳುವುದೇನಿದೆ ಅಂತ.

ಕಣ್ಣುಡಾಕ್ಟ್ರು
ಕಳೆದುಕೊಳ್ಳುವುದಿದೆ. ಕೋಶ ಕಸಿಯ ಮೊದಲ ಟ್ರಯಲ್‌ಗಳು ಸಾಮಾನ್ಯವಾಗಿ ಹೆಚ್ಚು ಕೆಟ್ಟ ಕಣ್ಣನ್ನೇ ಆರಿಸಿಕೊಳ್ಳುತ್ತವೆ. ಮತ್ತು ಮೊದಲೇ ಯಾವುದಾದರೂ ಕೋಶ ಅಥವಾ ಜೀನ್ ಚಿಕಿತ್ಸೆ ಪಡೆದ ಕಣ್ಣನ್ನು ಸಾಮಾನ್ಯವಾಗಿ ಸೇರಿಸಿಕೊಳ್ಳುವುದಿಲ್ಲ. ಅವನಿಗೆ ಮುಂದೆ ಬೇಕಾಗುವ ಕಣ್ಣು ಅದೇ ಎಡಗಣ್ಣು.

ದಾವಣಗೆರೆ_ಅಕ್ಕ
ಇದನ್ನು ಅವನಿಗೇ ತೋರಿಸುತ್ತೇನೆ. ಜೀನ್ ಪರೀಕ್ಷೆಗೆ ಅವನ ರಕ್ತ ಮಾತ್ರ ಸಾಕಾ, ಅಪ್ಪ ಅಮ್ಮನದೂ ಬೇಕಾ?

ಕಣ್ಣುಡಾಕ್ಟ್ರು
ಮೊದಲು ಅವನದು. ಅದರಲ್ಲಿ ಏನು ಸಿಗುತ್ತದೆ ನೋಡಿಕೊಂಡು, ಖಚಿತ ಮಾಡಲು ಅಪ್ಪ ಅಮ್ಮನದು ಕೇಳುತ್ತಾರೆ. ಮೂವರೂ ಒಟ್ಟಿಗೇ ಹೋದರೆ ಇನ್ನೊಂದು ಸಲ ಬಸ್ ಹತ್ತುವುದು ತಪ್ಪುತ್ತದೆ. ಹಳೆಯ ಸ್ಕ್ಯಾನ್ ಫೈಲ್ ಎಲ್ಲ ತೆಗೆದುಕೊಂಡು ಹೋಗಿ.